ಅಜ್ಜಿ ಮನೆ ಬಿಚ್ಚುವ ಮೊದಲು ಫೋಟೊ ತೆಗೆಯಬೇಕು. ಫೋಟೊಕ್ಕೋಸ್ಕರ ಒಲೆ ಹಚ್ಚಿದರೆ ಸುಳ್ಳಾಗುತ್ತದಾ?

ಪತ್ತಾಯದ ಹಿಂದೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಉಡುಪಿ ಜಿಲ್ಲೆಯ ಕಾಪು ಹತ್ತಿರ ನಮ್ಮ ಅಜ್ಜಿ ಮನೆ ಉಂಟು. ದೀಪಾವಳಿ ಕಳೆದ ಮೇಲೆ ಅದನ್ನು ಬಿಚ್ಚುತ್ತಾರೆ. ಪಾಲಾಗಿದೆ. ಜಗಳ ಏನೂ ಇಲ್ಲ, ಎಲ್ಲರೂ ಒಪ್ಪಿಯೇ ಆದದ್ದು. ಹಳೇ ಮರ ಕೊಳ್ಳುವವರು ಬಂದು ತೊಲೆ, ಕಂಬ, ಬಾಗಿಲು ಎಲ್ಲ ಟೇಪ್ ಹಿಡಿದು ಅಳೆದು, ಸೀಮೆಸುಣ್ಣದಲ್ಲಿ ನಂಬರ್ ಬರೆದು ಹೋಗಿದ್ದಾರೆ. ಹಾಗಾಗಿ ಈಗ ಯಾವ ಫೋಟೊ ತೆಗೆದರೂ ಕಂಬದ ಮೇಲೆ ಒಂದು ನಂಬರ್ ಇರುತ್ತದೆ. ಅದನ್ನು ಒರೆಸಬಾರದು ಎಂದು ದೊಡ್ಡಮ್ಮನ ಆರ್ಡರ್. ಲೆಕ್ಕ ತಪ್ಪಿದರೆ ದುಡ್ಡು ತಪ್ಪುತ್ತದಂತೆ.

ನಾನು ಮಂಗಳೂರಲ್ಲಿ ಬ್ಯಾಂಕ್ ಕೆಲಸದಲ್ಲಿದ್ದೇನೆ. ಫೋಟೊ ಹುಚ್ಚು ಕಾಲೇಜು ದಿನಗಳದ್ದು. ಹಕ್ಕಿ, ಯಕ್ಷಗಾನ, ಮಲ್ಪೆ ಬಂದರು ಎಲ್ಲ ತೆಗೆದಾಯಿತು. ಈ ಸಲ ಬೇಕಾದದ್ದು ಬೇರೆ. ಮನೆಯ ದಾಖಲೆ ಬೇಡ, ಅದನ್ನು ತಮ್ಮ ಮೊಬೈಲಿನಲ್ಲಿ ಕೋಣೆ ಕೋಣೆಗೆ ಹೋಗಿ ವೀಡಿಯೊ ಮಾಡಿ ಮುಗಿಸಿದ್ದಾನೆ. ಬೇಸಿಗೆ ರಜೆಗೆ ಬರುತ್ತಿದ್ದ ಏಳು ವರ್ಷದ ಹುಡುಗಿ ಕಂಡ ಮನೆ ನನಗೆ ಬೇಕು. ಹತ್ತು ಹನ್ನೆರಡು ಪ್ರಿಂಟ್, ದೊಡ್ಡದಾಗಿ, ಗೋಡೆಗೆ ಹಾಕುವಂಥದ್ದು. ಫೈನ್ ಆರ್ಟ್ ಅಂತ ಬಾಯಿಬಿಟ್ಟು ಹೇಳಲು ಸ್ವಲ್ಪ ನಾಚಿಕೆ, ಆದರೆ ಅದೇ.

ಅಗಲ ನೋಟದ 16-35 ಲೆನ್ಸ್ ಹಾಕಿ ಚಾವಡಿ, ಜಗಲಿ, ಅಂಗಳ, ತುಳಸಿಕಟ್ಟೆ ಎಲ್ಲ ತೆಗೆದೆ. ಚಂದವೇ ಬಂದಿದೆ. ತಮ್ಮ ನೋಡಿ, "ಹೋಮ್‌ಸ್ಟೇ ಮಾಡ್ತೀಯಾ ಅಕ್ಕ?" ಅಂದ. ಅವನು ಹೇಳಿದ್ದರಲ್ಲಿ ಸತ್ಯ ಉಂಟು.

ನನ್ನ ನೆನಪಲ್ಲಿರುವ ಮನೆಗೆ ಎದುರಿನ ನೋಟವೇ ಇಲ್ಲ. ಮಾಳಿಗೆಯಲ್ಲಿ ಅಂಗಾತ ಮಲಗಿದರೆ, ಸೂರು ಇಳಿಯುವ ಕಡೆ, ಕೈಗೆಟುಕುವಷ್ಟು ಹತ್ತಿರ ಹಂಚು. ಮಂಗಳೂರು ಹಂಚಿನ ಒಳಬದಿಯಲ್ಲಿ ಕಾರ್ಖಾನೆಯ ಹೆಸರು ಇಂಗ್ಲಿಷಿನಲ್ಲಿ ಉಬ್ಬಿಕೊಂಡಿರುತ್ತದಲ್ಲ, ಅದು. ನಮ್ಮ ಕನ್ನಡ ಶಾಲೆಯಲ್ಲಿ ಆಗ ಇಂಗ್ಲಿಷ್ ಶುರುವಾಗುತ್ತಿದ್ದದ್ದು ಐದನೇ ಕ್ಲಾಸಿಗೆ. ಅದಕ್ಕೆ ಎಷ್ಟೋ ಮೊದಲೇ ಆ ಎಂ, ಆ ಜಿ ಎಲ್ಲ ನಾನು ಬೆರಳಲ್ಲಿ ತೀಡಿದ್ದೆ. ಹೆಸರು ಓದಲು ಬರುತ್ತಿರಲಿಲ್ಲ. ಒಂದು ಹಂಚಿನಲ್ಲಿ ಅಕ್ಷರದ ಪಕ್ಕ ಯಾರದೋ ಹೆಬ್ಬೆರಳು ಒತ್ತಿದ ಗುರುತಿತ್ತು. ಮಣ್ಣು ಹಸಿ ಇದ್ದಾಗ ಬಿದ್ದು, ಹಾಗೆಯೇ ಸುಟ್ಟು ಗಟ್ಟಿಯಾದದ್ದು. ನನ್ನ ಹೆಬ್ಬೆರಳು ಅದರೊಳಗೆ ಸಲೀಸಾಗಿ ಕೂರುತ್ತಿತ್ತು. ಆ ಹಂಚು ಈಗಲೂ ಉಂಟು, ಹೋದ ವಾರ ಟಾರ್ಚ್ ಹಿಡಿದು ಹುಡುಕಿದೆ. ಈಗ ಬೆರಳು ಹಿಡಿಸುವುದಿಲ್ಲ.

ಮಾಳಿಗೆಯ ಕಿಟಕಿಯಿಂದ ರಾತ್ರಿ ಕಾಪು ಲೈಟ್‌ಹೌಸಿನ ಬೆಳಕು ತೆಂಗಿನ ತಲೆಗಳ ಮೇಲೆ ಬಂದು ಹೋಗುವುದು ಕಾಣುತ್ತಿತ್ತು. ಈಗ ಆ ದಿಕ್ಕಿನಲ್ಲಿ ಒಂದು ಅಪಾರ್ಟ್‌ಮೆಂಟ್. ಅದನ್ನು ಬಿಟ್ಟುಬಿಟ್ಟೆ.

ನಿಜವಾದ ಪ್ರಶ್ನೆ ಅಡುಗೆ ಕೋಣೆಯದ್ದು. ಅಲ್ಲಿ ಒಂದು ಗಾಜಿನ ಹಂಚು. ಮಧ್ಯಾಹ್ನ ಅದರಿಂದ ಒಂದು ಬೆಳಕಿನ ಕೋಲು ಇಳಿದು, ಅಜ್ಜಿ ತೆಂಗಿನಕಾಯಿ ತುರಿಯಲು ಹೆರೆಮಣೆ ಇಟ್ಟು ಕೂರುವಲ್ಲಿ ನೆಲಕ್ಕೆ ಬೀಳುತ್ತಿತ್ತು. ನಾನು ಕೈ ಒಡ್ಡಿದರೆ ಅಂಗೈಯಲ್ಲಿ ಬೆಳಕು. ಮೊನ್ನೆ ಹೋಗಿ ಕಾದೆ. ಗಾಜಿನ ಹಂಚು ಇದ್ದಲ್ಲೇ ಉಂಟು, ನೆಲದ ಮೇಲೆ ಬೆಳಕೂ ಬೀಳುತ್ತದೆ. ಆದರೆ ಕೋಲು ಇಲ್ಲ! ಆಮೇಲೆ ಹೊಳೆಯಿತು. ಆಗ ಒಲೆ ಉರಿಯುತ್ತಿತ್ತು, ಹೊಗೆ ಇತ್ತು, ಬೆಳಕು ಕಾಣಿಸುತ್ತಿದ್ದದ್ದು ಆ ಹೊಗೆಯಲ್ಲಿ. ಈಗ ಗ್ಯಾಸ್.

ಒಲೆ ಇನ್ನೂ ಇದೆ. ಹಚ್ಚಬಹುದು. ದೊಡ್ಡಮ್ಮನನ್ನು ಕೇಳಿದೆ. "ಗ್ಯಾಸ್ ಬಂದ ಮೇಲೆ ನನ್ನ ಕಣ್ಣುರಿ ನಿಂತದ್ದು. ನಿನ್ನ ಫೋಟೊಕ್ಕೆ ಮತ್ತೆ ಹೊಗೆ ಹಾಕ್ಬೇಕಾ?" ಅಂದರು. ಬೇಡ ಎನ್ನಲಿಲ್ಲ, ಹೂಂ ಎಂದೂ ಅಲ್ಲ.

ಹಾಗಾಗಿ ಕೇಳುವುದು ಇಷ್ಟೇ. ನೆನಪನ್ನು ತೆಗೆಯಲು ಹೀಗೆ ಸೆಟ್ ಹಾಕಿದರೆ ಅದು ಸುಳ್ಳು ಫೋಟೊ ಆಗುತ್ತದಾ? ಹೋಮ್‌ಸ್ಟೇ ಜಾಹೀರಾತಿನಿಂದ ತಪ್ಪಿಸಿಕೊಳ್ಳುವುದು ಹೇಗೆ? ಇಂಥ ಕೆಲಸ ಮಾಡಿದವರು ಇದ್ದರೆ ಹೇಳಿ.

ಸ್ಟುಡಿಯೋ ಮಾಮ

ತಂಗೀ, ಉಡುಪಿಯಲ್ಲಿ ಬಹಳ ವರ್ಷ ಸ್ಟುಡಿಯೋ ನಡೆಸಿದವ ನಾನು. ಈಗ ಮಗ ನೋಡಿಕೊಳ್ಳುತ್ತಾನೆ. ನನಗೆ ಆರ್ಟ್ ಗೀರ್ಟ್ ಗೊತ್ತಿಲ್ಲ, ಕ್ಯಾಮೆರಾ ಗೊತ್ತು.

ಮೊದಲು ಆ 16-35 ಅನ್ನು ಬ್ಯಾಗಿನೊಳಗೆ ಹಾಕಿ ಜಿಪ್ ಎಳೆಯಿರಿ. ಕೋಣೆ ದೊಡ್ಡದು ಕಾಣಿಸಲು ಮನೆ ಮಾರುವವರು ಉಪಯೋಗಿಸುವ ಲೆನ್ಸ್ ಅದೇ. ತಮ್ಮನಿಗೆ ಹಾಗೆ ಅನಿಸಿದ್ದು ಸುಮ್ನೆ ಅಲ್ಲ. 50 ಎಂಎಂ ಲೆನ್ಸ್ ಹಾಕಿ. ಕೋಣೆ ಪೂರ್ತಿ ಹಿಡಿಸುವುದಿಲ್ಲ, ಹಿಡಿಸದಿರಲಿ. ಮಗುವಿಗೂ ಪೂರ್ತಿ ಕೋಣೆ ಬೇಕಿರಲಿಲ್ಲ ಅಲ್ವಾ?

ಆಮೇಲೆ ಟ್ರೈಪಾಡ್ ಇಳಿಸಿ. ಏಳು ವರ್ಷದ ಮಗುವಿನ ಕಣ್ಣು ನೆಲದಿಂದ ಸುಮಾರು 110 ಸೆಂಟಿಮೀಟರ್ ಎತ್ತರದಲ್ಲಿ ಇರುತ್ತದೆ. ಅಲ್ಲಿ ಕ್ಯಾಮೆರಾ ಇಟ್ಟು ಪತ್ತಾಯದ (ಭತ್ತ ತುಂಬಿಡುವ ಮರದ ದೊಡ್ಡ ಪೆಟ್ಟಿಗೆ) ಎದುರು ನಿಲ್ಲಿ. ಅದರ ಮುಚ್ಚಳದ ಮೇಲ್ಭಾಗ ಕಾಣುವುದಿಲ್ಲ. ಮೇಲೆ ಏನಿಟ್ಟಿದ್ದಾರೆ ಎಂದು ಗೊತ್ತಾಗುವುದಿಲ್ಲ. ಅದೇ ನಿಮಗೆ ಬೇಕಾದ ಫೋಟೊ. ಕ್ಯಾಮೆರಾ ಮೇಲಕ್ಕೆ ವಾಲಿಸಬೇಡಿ, ಮಟ್ಟಸ ಇಡಿ. ವಾಲಿಸಿದರೆ ಕಂಬ ಎಲ್ಲ ಬಿದ್ದ ಹಾಗೆ ಕಾಣುತ್ತದೆ.

ಟ್ಯೂಬ್‌ಲೈಟ್ ಆರಿಸಿ. ಎಚ್‌ಡಿಆರ್ (ಕತ್ತಲೆ, ಬೆಳಕು ಎರಡನ್ನೂ ಸಮ ಮಾಡಿ ತೋರಿಸುವುದು) ಮುಟ್ಟಲೇಬೇಡಿ. ಆ ಮನೆಗಳು ಕತ್ತಲೆಯೇ. ಅಂಗಳದ ಬಿಸಿಲಿನಿಂದ ಒಳಗೆ ಬಂದರೆ ಸ್ವಲ್ಪ ಹೊತ್ತು ಏನೂ ಕಾಣುತ್ತಿರಲಿಲ್ಲ, ಹೊಸ್ತಿಲು ಎಡವುತ್ತಿದ್ದೆವು. ಕಾಣದ್ದು ಕಾಣದೇ ಇರಲಿ. ಬೆಳಕು ಬಿದ್ದ ಜಾಗಕ್ಕೆ ಎಕ್ಸ್‌ಪೋಸ್ ಮಾಡಿ, ಉಳಿದದ್ದು ಕಪ್ಪಾಗಲಿ.

ನಿಮ್ಮ ಹಳೇ ಆಲ್ಬಮಿನಲ್ಲಿ ಅಡುಗೆ ಕೋಣೆಯ ಒಂದು ಫೋಟೊವೂ ಇರಲಿಕ್ಕಿಲ್ಲ, ಪಂಥ ಕಟ್ಟುತ್ತೇನೆ. ಇಂಥ ಮನೆಗಳ ಮದುವೆಗೆ ಫೋಟೊ ತೆಗೆಯಲು ಹೋದವ ನಾನೇ. ಯಾಶಿಕಾ ಕ್ಯಾಮೆರಾ, 120 ರೋಲು, ಒಂದು ರೋಲಿಗೆ 12 ಫೋಟೊ. ಧಾರೆಗೆ ಇಷ್ಟು, ಗ್ರೂಪಿಗೆ ಇಷ್ಟು ಎಂದು ಮೊದಲೇ ಲೆಕ್ಕ. ಬಚ್ಚಲಿಗೆ, ಬಾವಿಕಟ್ಟೆಗೆ, ಒಲೆಗೆ ಯಾರು ಮಾರಾಯ್ರೆ ಒಂದು ಫ್ರೇಮ್ ಖರ್ಚು ಮಾಡುವುದು? ದಿನಾ ಇದ್ದ ಜಾಗಗಳೇ ಫೋಟೊದಲ್ಲಿ ಇಲ್ಲ.

ಹೊಗೆ ಬೇಕಾದರೆ ತೆಂಗಿನ ಸಿಪ್ಪೆಗೆ ಸ್ವಲ್ಪ ನೀರು ಚಿಮುಕಿಸಿ ಒಲೆಗೆ ಹಾಕಿ. ಒಣ ಗೆರಟೆ (ತೆಂಗಿನ ಚಿಪ್ಪು) ಹಾಕಿದರೆ ಬೆಂಕಿ ಬರುತ್ತದೆ, ಹೊಗೆ ಬರುವುದಿಲ್ಲ. ಸುಳ್ಳೋ ನಿಜವೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ತಾಜ್‌ಮಹಲ್ ಬರೆದ ಪರದೆ ಮುಂದೆ ನಾನು ಎಷ್ಟು ಗಂಡ ಹೆಂಡತಿಯರನ್ನು ನಿಲ್ಲಿಸಿಲ್ಲ! ಇದು ಸುಳ್ಳು ಎಂದು ದುಡ್ಡು ಕೊಡದೆ ಹೋದವರು ಯಾರೂ ಇಲ್ಲ.

ಬ್ರಹ್ಮಾವರದ ಮೇಷ್ಟ್ರು

ಫೋಟೊಗ್ರಫಿ ನನಗೆ ಬರುವುದಿಲ್ಲ. ಆದರೆ ಆ ಬೆಳಕಿನ ಬಗ್ಗೆ ಒಂದು ಮಾತು ಹೇಳದಿದ್ದರೆ ಊಟ ಸೇರುವುದಿಲ್ಲ.

ಮೇಡಂ, ನೀವು ರಜೆಗೆ ಬರುತ್ತಿದ್ದದ್ದು ಏಪ್ರಿಲ್, ಮೇ ತಿಂಗಳಲ್ಲಿ. ಫೋಟೊ ತೆಗೆಯುವುದು ದೀಪಾವಳಿ ಹೊತ್ತಿಗೆ. ಅದೇ ಹಂಚು, ಅದೇ ನೆಲ ಆದರೂ ಬೆಳಕು ಅದೇ ಜಾಗಕ್ಕೆ ಬೀಳುವುದಿಲ್ಲ.

ಉಡುಪಿ ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ. ಸೂರ್ಯ ನಮ್ಮ ನೆತ್ತಿಯ ಮೇಲೆ ನೆಟ್ಟಗೆ ಬರುವುದು ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆ ವಾರದ ಹೊತ್ತಿಗೆ ಒಮ್ಮೆ, ಆಗಸ್ಟ್ ಮಧ್ಯದಲ್ಲಿ ಇನ್ನೊಮ್ಮೆ. ಅಂದರೆ ನಿಮ್ಮ ರಜೆಯಲ್ಲಿ ನಡು ಮಧ್ಯಾಹ್ನದ ಬೆಳಕು ಗಾಜಿನ ಹಂಚಿನಿಂದ ಹೆಚ್ಚುಕಡಿಮೆ ನೆಟ್ಟಗೆ ಕೆಳಗೆ ಬೀಳುತ್ತಿತ್ತು. ಕೋಲಿನ ಹಾಗೆ ಕಂಡದ್ದು ಅದಕ್ಕೂ ಇರಬಹುದು. ನವೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಹಂಚು ನೆಲದಿಂದ 4 ಮೀಟರ್ ಎತ್ತರದಲ್ಲಿ ಇದ್ದರೆ, ನವೆಂಬರ್ ಮೊದಲ ವಾರದ ಮಧ್ಯಾಹ್ನ ಬೆಳಕು ಹಂಚಿನ ನೇರ ಕೆಳಗಿನ ಜಾಗದಿಂದ ಸುಮಾರು 2 ಮೀಟರ್ ಉತ್ತರಕ್ಕೆ ಬೀಳುತ್ತದೆ. ನಡು ಮಧ್ಯಾಹ್ನ ಅಂದರೆ ಗಡಿಯಾರದ 12 ಗಂಟೆ ಅಲ್ಲ. ನಮ್ಮ ಊರು ಪಶ್ಚಿಮಕ್ಕೆ ಇರುವುದರಿಂದ ಆಗ 12 ಗಂಟೆ 15 ನಿಮಿಷ ಆಗುತ್ತದೆ. ಒಂದು ನೂಲಿಗೆ ಕಲ್ಲು ಕಟ್ಟಿ ಹಂಚಿನಿಂದ ಇಳಿಬಿಟ್ಟು, ಟೇಪ್ ಹಿಡಿದು ಅಳೆದು ನೋಡಿ.

ಇನ್ನೊಂದು. ಗಾಜಿನ ಹಂಚನ್ನು ಬಿಡಿ, ಬಿರುಕು ಬಿಟ್ಟ ಹಂಚಿನ ಸಣ್ಣ ತೂತಿನಿಂದ ಬರುವ ಬೆಳಕನ್ನು ಗಮನಿಸಿ. ತೂತು ಯಾವ ಆಕಾರದ್ದೇ ಇರಲಿ, ನೆಲದ ಮೇಲೆ ಬೀಳುವುದು ದುಂಡು. ಅದು ಸೂರ್ಯನ ಬಿಂಬ. 2019ರ ಡಿಸೆಂಬರ್ 26ರ ಗ್ರಹಣದ ದಿನ ನಮ್ಮ ಮನೆಯಲ್ಲಿ ಆ ದುಂಡುಗಳೆಲ್ಲ ಕುಡುಗೋಲು ಆಗಿದ್ದವು. ಮಂಗಳೂರಲ್ಲಿ ಬಳೆಯೇ ಆಯಿತು. ನಿಮ್ಮ ಮನೆಗೆ ಕ್ಯಾಮೆರಾ ತೆಗೆದುಕೊಂಡು ಹೋಗುವ ಮೊದಲೇ ಅದು ಕ್ಯಾಮೆರಾ ಕೆಲಸ ಮಾಡುತ್ತಾ ಉಂಟು.

ಬೋಳಾರ ಬಸ್‌ಸ್ಟಾಪ್

ಮೇಷ್ಟ್ರು ಹೇಳಿದ್ದನ್ನೇ ಕೆಲಸ ಮಾಡಿಕೊಂಡ ಒಬ್ಬರು ಇದ್ದಾರೆ. ಕ್ಯೂಬಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಫೋಟೊಗ್ರಾಫರ್ ಅಬೆಲಾರ್ಡೊ ಮೊರೆಲ್. 1986ರಲ್ಲಿ ಮಗ ಹುಟ್ಟಿದ ಮೇಲೆ ಅವರು ಮನೆಯೊಳಗಿನ ಸಾಮಾನನ್ನೇ ಮಗುವಿನ ಕಣ್ಣಿನಿಂದ ಎಂಬಂತೆ ತೆಗೆಯಲು ಶುರು ಮಾಡಿದರು. ಸ್ಟುಡಿಯೋ ಮಾಮ ಹೇಳಿದ ದಾರಿಯೇ. 1991ರಲ್ಲಿ ಮನೆಯ ಕೋಣೆಯ ಕಿಟಕಿಗಳಿಗೆ ಕಪ್ಪು ಪ್ಲಾಸ್ಟಿಕ್ ಮುಚ್ಚಿ, ಒಂದು ಸಣ್ಣ ತೂತು ಬಿಟ್ಟು, ಹೊರಗಿನ ಬೀದಿ ಗೋಡೆಯ ಮೇಲೆ ತಲೆಕೆಳಗಾಗಿ ಬೀಳುವುದನ್ನು ಕೋಣೆಯ ಸಮೇತ ತೆಗೆದರು. ಫಿಲ್ಮಿನ ಕಾಲದಲ್ಲಿ ಒಂದು ಎಕ್ಸ್‌ಪೋಶರಿಗೆ ಗಂಟೆಗಟ್ಟಲೆ ಬೇಕಾಗುತ್ತಿತ್ತು.

ನಿಮ್ಮ ಮನೆಯಲ್ಲಿ ಇದು ಆಗುತ್ತದೆ ಅಕ್ಕ. ಹಂಚಿನ ಸಂದಿಯಿಂದ ಬೆಳಕು ನುಗ್ಗುವ ಕೋಣೆ ಬೇಡ. ಮುಚ್ಚಿಗೆ (ಹಂಚಿನ ಕೆಳಗೆ ಹಲಗೆಯ ಮುಚ್ಚು) ಇರುವ ಕೋಣೆ ಹಿಡಿಯಿರಿ. ಅಂಗಳದ ಕಡೆಯ ಕಿಟಕಿಗೆ ಕಪ್ಪು ಟರ್ಪಾಲು ಕಟ್ಟಿ, ಅದರಲ್ಲಿ 1 ಸೆಂಟಿಮೀಟರ್ ತೂತು ಮಾಡಿ. ಅಂಗಳಕ್ಕೆ ಚೆನ್ನಾಗಿ ಬಿಸಿಲು ಇರಬೇಕು, ಎದುರು ಗೋಡೆ ಬಿಳಿ ಇರಬೇಕು. ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ಸುಮ್ನೆ ಕೂತಿರಿ. ತುಳಸಿಕಟ್ಟೆ ತಲೆಕೆಳಗಾಗಿ ಗೋಡೆಗೆ ಬರುತ್ತದೆ. ಐಎಸ್‌ಒ 800, ಎಫ್ 5.6 ಇಟ್ಟರೆ ಎರಡು ಮೂರು ನಿಮಿಷದ ಎಕ್ಸ್‌ಪೋಶರಿನಿಂದ ಶುರು ಮಾಡಿ ನೋಡಬಹುದು.

ಈಗ ಸುಳ್ಳಿನ ವಿಷಯ. ಲ್ಯಾರಿ ಸುಲ್ತಾನ್ ಅಂತ ಇನ್ನೊಬ್ಬರು, ಕ್ಯಾಲಿಫೋರ್ನಿಯಾದವರು. 1980ರ ದಶಕದಿಂದ ವರ್ಷಗಟ್ಟಲೆ ತನ್ನ ಅಪ್ಪ ಅಮ್ಮನನ್ನು ಅವರ ಮನೆಯಲ್ಲೇ ತೆಗೆದರು. 1992ರಲ್ಲಿ ಪುಸ್ತಕ ಬಂತು. ಎಷ್ಟೋ ಫೋಟೊ ಹೇಳಿ ಕೂರಿಸಿ ತೆಗೆದದ್ದೇ. ಅಪ್ಪ ಸೂಟು ಹಾಕಿ ಮಂಚದ ಮೇಲೆ ಒಬ್ಬರೇ ಕೂತಿರುವ ಒಂದು ಫೋಟೊ ಉಂಟು. ಅಪ್ಪನಿಗೆ ಅದು ಹಿಡಿಸಲಿಲ್ಲ. ಅಲ್ಲಿ ಕೂತಿರುವುದು ನಾನಲ್ಲ, ನೀನು ಎಂಬ ಅರ್ಥದಲ್ಲಿ ಮಗನಿಗೆ ಹೇಳಿದರು. ಆ ಪುಸ್ತಕದಲ್ಲಿ ಅಪ್ಪ ಅಮ್ಮನ ತಕರಾರಿಗೂ ಜಾಗ ಇದೆ. ನನಗೆ ಅದು ಬಹಳ ಇಷ್ಟ. ಸೆಟ್ ಹಾಕಿದ್ದು ಅಲ್ಲ ವಿಷಯ. ಇದು ಯಾರ ನೆನಪು ಎಂದು ನೋಡುವವರಿಗೆ ಗೊತ್ತಾಗಬೇಕು, ಅಷ್ಟೇ. ಹೊಗೆ ಹಾಕುವುದಾದರೆ ದೊಡ್ಡಮ್ಮನ ಆ ಕಣ್ಣುರಿ ಮಾತನ್ನೂ ಫೋಟೊ ಪಕ್ಕ ಬರೆದು ಹಾಕಿ.

ನಿಮ್ಮ ಕಾಪು ಕಡೆಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಚಿತ್ರಕಾರ ಕೆ. ಕೆ. ಹೆಬ್ಬಾರರು ಮುಂಬೈಯಲ್ಲಿ ಕೂತು ಹಳ್ಳಿ, ಕುಣಿತ, ಗದ್ದೆ ಎಲ್ಲ ಬಣ್ಣದಲ್ಲಿ ಬರೆದರು. ಇದು ಹೀಗೇ ಇತ್ತಾ ಎಂದು ಅವರನ್ನು ಯಾರು ಕೇಳುತ್ತಾರೆ? ಕ್ಯಾಮೆರಾ ಹಿಡಿದವರನ್ನು ಮಾತ್ರ ಸಾಕ್ಷಿಕಟ್ಟೆಗೆ ಹತ್ತಿಸುತ್ತೇವೆ.

ಪರ್ಕಳ ಎಕ್ಸ್‌ಪ್ರೆಸ್

ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೇಸರ ಮಾಡಬೇಡಿ.

ಇಂಥದೇ ಒಂದು ಮನೆಗೆ ನನ್ನ ಅಮ್ಮ ಹೊರಗಿನ ಕೆಲಸಕ್ಕೆ ಹೋಗುತ್ತಿದ್ದರು. ನಾನೂ ಜೊತೆಗೆ. ನನ್ನ ಬಾಲ್ಯದ ಅರ್ಧ ಆ ಮನೆಯ ಹಿತ್ತಿಲಲ್ಲೇ ಕಳೆದದ್ದು. ಆದರೆ ಆ ಮನೆಯ ಮಾಳಿಗೆ ಹೇಗಿತ್ತು ನನಗೆ ಗೊತ್ತಿಲ್ಲ. ಚಾವಡಿಯ ಒಳಗೂ ಹೋದವನಲ್ಲ. ನನಗೆ ಗೊತ್ತಿದ್ದದ್ದು ಬಚ್ಚಲಿನ ಹೊರಗೋಡೆ, ಭತ್ತ ಬೇಯಿಸುವ ಒಲೆ, ತೆಂಗಿನ ಮಡಲು ಹೆಣೆಯುವ ಜಾಗ, ಮತ್ತೆ ನಮಗೆ ಗಂಜಿ ಬಡಿಸುತ್ತಿದ್ದ ಹಿಂದಿನ ಜಗಲಿಯ ಅಂಚು. ಒಳಗೆ ಕತ್ತಲೆ ಎಂದು ಸ್ಟುಡಿಯೋ ಮಾಮ ಹೇಳಿದರಲ್ಲ, ಹೌದು, ಹೊರಗಿನಿಂದ ನೋಡುವಾಗ ಬಾಗಿಲಿನ ಒಳಗೆ ಪೂರ್ತಿ ಕಪ್ಪು. ಆ ಕಪ್ಪಿನಿಂದ ಒಂದು ಕೈ ಬಂದು ಬೆಲ್ಲದ ತುಂಡು ಕೊಡುತ್ತಿತ್ತು. ಒಳ್ಳೆಯ ಕೈಯೇ. ಆದರೂ ಕೈ ಮಾತ್ರ.

ಈಗ ಎಲ್ಲ ಕಡೆ ಹಳೇ ಮನೆ ಫೋಟೊಗಳೇ. ಪ್ರದರ್ಶನ ಇರಲಿ, ಕ್ಯಾಲೆಂಡರ್ ಇರಲಿ, ಗಾಜಿನ ಹಂಚು, ಕೆತ್ತನೆಯ ಕಂಬ, ಹಿತ್ತಾಳೆ ಚೆಂಬು. ಎಲ್ಲವೂ ಒಳಗಿನಿಂದ ತೆಗೆದದ್ದು. ನೆಲಕ್ಕೆ ಸಗಣಿ ಸಾರಿಸಿದವರು, ಆ ಒಲೆಗೆ ಸೌದೆ ಒಡೆದವರು ಇರುವುದಿಲ್ಲ. ನೀವು ಒಲೆ ಹಚ್ಚಿ ಹೊಗೆ ಎಬ್ಬಿಸಿದರೆ ಚಂದದ ಬೆಳಕು ಬರುತ್ತದೆ. ಹೊಗೆ ಕುಡಿದವರ ಕೆಮ್ಮು ಬರುವುದಿಲ್ಲ. ನನ್ನ ಅಮ್ಮನಿಗೆ ಈಗಲೂ ಉಬ್ಬಸ.

ತೆಗೆಯಬೇಡಿ ಎನ್ನುತ್ತಿಲ್ಲ. ಹಿತ್ತಿಲಿಗೂ ಹೋಗಿ ಎನ್ನುತ್ತಿದ್ದೇನೆ. ಮತ್ತೆ ಆ ಸೀಮೆಸುಣ್ಣದ ನಂಬರ್ ಇರಲಿ, ದಯವಿಟ್ಟು ಫೋಟೊಶಾಪಿನಲ್ಲಿ ಅಳಿಸಬೇಡಿ.

ಸ್ಟುಡಿಯೋ ಮಾಮ

ಪರ್ಕಳದವರೇ, ನೀವು ಹೇಳಿದ್ದಕ್ಕೆ ಇಲ್ಲ ಎನ್ನುವುದಿಲ್ಲ. ಆದರೆ ಆ ಹುಡುಗಿ ಕಂಡದ್ದನ್ನು ಆ ಹುಡುಗಿ ತೆಗೆಯಲಿ. ನಿಮ್ಮ ಹಿತ್ತಿಲನ್ನು ನೀವೇ ತೆಗೆಯಬೇಕು ಮಾರಾಯ್ರೆ. ಮೊಬೈಲ್ ಆದರೂ ಸಾಕು. ಅವರು ಬಂದು ತೆಗೆದರೆ ಅದೂ ಒಳಗಿನವರ ಫೋಟೊವೇ ಆಗುತ್ತದೆ.

ಪರ್ಕಳ ಎಕ್ಸ್‌ಪ್ರೆಸ್

ಆ ಮನೆ ಈಗ ಇಲ್ಲ ಮಾಮ. ಆ ಜಾಗದಲ್ಲಿ ಈಗ ಕಲ್ಯಾಣಮಂಟಪ.

ಪತ್ತಾಯದ ಹಿಂದೆ

ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ಭಾನುವಾರ ಅಲ್ಲೇ ಇದ್ದೆ. ಆದದ್ದನ್ನು ಹೇಳುತ್ತೇನೆ.

ಮೇಷ್ಟ್ರು ಹೇಳಿದ ಹಾಗೆ ನೂಲು ಇಳಿಬಿಟ್ಟು ಅಳೆದೆ. ದೊಡ್ಡಮ್ಮ ಟೇಪಿನ ಇನ್ನೊಂದು ತುದಿ ಹಿಡಿದರು, "ನೀನೂ ಮರದವರ ಹಾಗೆ ಶುರು ಮಾಡಿದೆಯಾ" ಎಂದು ಬೈಯುತ್ತಾ. ಹಂಚಿನ ನೇರ ಕೆಳಗೆ ಅಜ್ಜಿಯ ಹೆರೆಮಣೆಯ ಜಾಗ, ಅದು ಸರಿ. ಅಲ್ಲಿಂದ 2 ಮೀಟರ್ ಉತ್ತರಕ್ಕೆ ಏನುಂಟು ಗೊತ್ತಾ? ಗ್ಯಾಸ್ ಸಿಲಿಂಡರ್! ಕಟ್ಟೆಯ ಕೆಳಗಲ್ಲ, ಪಕ್ಕದಲ್ಲಿ, ನೆಲದ ಮೇಲೆ. ದೀಪಾವಳಿ ಹೊತ್ತಿಗೆ ಮಧ್ಯಾಹ್ನ ಅಜ್ಜಿಯ ಬೆಳಕು ಹೋಗಿ ಆ ಕೆಂಪು ಸಿಲಿಂಡರಿನ ಭುಜದ ಮೇಲೆ ಕೂರುತ್ತದೆ. ಲೆಕ್ಕ ಸ್ವಲ್ಪ ಆಚೀಚೆ ಆದರೂ ಅಲ್ಲೇ ಸುತ್ತಮುತ್ತ.

ಒಲೆ ಹಚ್ಚುವುದಿಲ್ಲ. ಸುಳ್ಳಾಗುತ್ತದೆ ಎಂಬ ಕಾರಣಕ್ಕಲ್ಲ. ಬೋಳಾರದವರ ಮಾತು ಒಪ್ಪಿದೆ, ಹಚ್ಚಿದರೂ ಅದು ನನ್ನ ನೆನಪು ಎಂದು ಧೈರ್ಯದಿಂದ ಹೇಳಬಹುದಿತ್ತು. ಆದರೆ ಆ ಕೋಲು ನನ್ನೊಬ್ಬಳದು. ದೊಡ್ಡಮ್ಮನಿಗೆ ಆ ಗಾಜಿನ ಹಂಚು ಅಂದರೆ ಮಳೆಗಾಲದಲ್ಲಿ ಸೋರುವ ಜಾಗ, ಕೆಳಗೆ ಪಾತ್ರೆ ಇಡಬೇಕಾದ ಜಾಗ. ಅವರಿಗೆ ಬೆಳಕಿನ ನೆನಪೇ ಇಲ್ಲ! ನಾನು ಎಷ್ಟು ಹೇಳಿದರೂ "ಇರಬಹುದು" ಅಂದರು. ಹಾಗಾಗಿ ಸಿಲಿಂಡರಿನ ಮೇಲೆ ಬೆಳಕು ಬಿದ್ದದ್ದನ್ನು ತೆಗೆಯುತ್ತೇನೆ. ಪಕ್ಕದಲ್ಲಿ ಸೋರುವುದಕ್ಕೆ ಇಡುತ್ತಿದ್ದ ಆ ಜರ್ಮನ್ (ಅಲ್ಯೂಮಿನಿಯಂ) ಪಾತ್ರೆಯನ್ನು ಅವರೇ ತಂದು ಇಡುತ್ತಾರಂತೆ. ಅದು ಅವರ ಸೆಟ್.

ಟ್ರೈಪಾಡ್ 110ಕ್ಕೆ ಇಳಿಸಿ 50ರಲ್ಲಿ ಪತ್ತಾಯ ತೆಗೆದೆ. ಮಾಮ ಹೇಳಿದ್ದು ಸರಿ. ಫೋಟೊದ ಮುಕ್ಕಾಲು ಭಾಗ ಬರೀ ಮರ, ಮೇಲೆ ಒಂದು ಗೆರೆಯಷ್ಟು ಗೋಡೆ. ಮಧ್ಯದಲ್ಲಿ ಸೀಮೆಸುಣ್ಣದ 14. ತಮ್ಮ ನೋಡಿ ಏನೂ ತಮಾಷೆ ಮಾಡಲಿಲ್ಲ. ಸ್ವಲ್ಪ ಹೊತ್ತು ನೋಡಿ, ಅದರ ಹಿಂದೆ ಅಡಗಿದಾಗ ಜಿರಳೆ ವಾಸನೆ ಬರುತ್ತಿತ್ತು ಅಂದ.

ಟರ್ಪಾಲು ಕಟ್ಟುವ ಕೆಲಸ ಮುಂದಿನ ವಾರ. ಹೆಬ್ಬೆರಳಿನ ಹಂಚನ್ನು ಬದಿಯಿಂದ ಟಾರ್ಚ್ ಹಾಕಿ ತೆಗೆದೆ, ಗೆರೆ ಗೆರೆ ಕಾಣುವ ಹಾಗೆ. ಆ ಒಂದು ಹಂಚನ್ನು ಲೆಕ್ಕದಿಂದ ಬಿಡಿಸಿ ನನಗೆ ಕೊಡಿಸಬೇಕೆಂದು ಕೇಳಿದ್ದೇನೆ.

ಪರ್ಕಳದವರೇ, ನಿಮಗೆ ಬೇರೆಯಾಗಿ ಹೇಳಬೇಕು. ನಮ್ಮಲ್ಲಿಗೆ ಕೆಲಸಕ್ಕೆ ಬರುತ್ತಿದ್ದ ಅಕ್ಕ ಒಬ್ಬರು ಹತ್ತಿರದಲ್ಲೇ ಇದ್ದಾರೆ. ಕ್ಯಾಮೆರಾ ಕಾರಿನಲ್ಲೇ ಬಿಟ್ಟು ಅವರ ಮನೆಗೆ ಹೋದೆ. ನಮ್ಮ ಮನೆ ಅಂದರೆ ನಿಮಗೆ ಯಾವ ಜಾಗ ನೆನಪಾಗುತ್ತದೆ ಎಂದು ಕೇಳಿದೆ. ಹಿತ್ತಿಲ ಹಲಸಿನ ಮರ ಅಂದರು. ಅದರ ಕೊಂಬೆಗೆ ಸೀರೆ ಕಟ್ಟಿ ಮಗುವನ್ನು ಮಲಗಿಸಿ ಭತ್ತ ಕುಟ್ಟುತ್ತಿದ್ದರಂತೆ. ಆ ಮರದಡಿ ನಾನು ಎಷ್ಟು ಆಡಿದ್ದೇನೆ, ಈ ತೊಟ್ಟಿಲಿನ ಕತೆ ನನಗೆ ಗೊತ್ತೇ ಇರಲಿಲ್ಲ. ಆ ಮಗು ಈಗ ಮುಂಬೈಯಲ್ಲಿ ಹೋಟೆಲ್ ಕೆಲಸದಲ್ಲಿದ್ದಾನೆ. ನಿಮ್ಮ ಫೋಟೊ ತೆಗೆಯಲಾ ಎಂದೆ. "ನನ್ನದು ಬೇಡ, ಆ ಕೊಂಬೆದ್ದು ತೆಗೆ, ಮಗನಿಗೆ ವಾಟ್ಸಾಪಿನಲ್ಲಿ ಕಳಿಸು" ಅಂದರು. ಎಲ್ಲಿ ನಿಂತು ತೆಗೆಯಬೇಕು ಎಂದು ಬಂದು ತೋರಿಸುತ್ತಾರಂತೆ. ಮರಕ್ಕೂ ನಂಬರ್ ಬಿದ್ದಿದೆ, 31.

ಮಾಮ, ಇನ್ನೆರಡು ಪ್ರಶ್ನೆ. ಅಜ್ಜಿಯ ಒಂದು ಹಳೇ ಫೋಟೊ ಫ್ರೇಮಿನ ಗಾಜಿಗೆ ಅಂಟಿಕೊಂಡು ಬಿಟ್ಟಿದೆ. ಬಿಡಿಸಬಹುದಾ? ಮತ್ತೆ ನನ್ನ ಪ್ರಿಂಟ್‌ಗಳಿಗೆ ಯಾವ ಪೇಪರ್?

ಸ್ಟುಡಿಯೋ ಮಾಮ

ಗಾಜಿಗೆ ಅಂಟಿದ್ದನ್ನು ಎಳೆಯಬೇಡಿ! ಮುಖವೇ ಕಿತ್ತು ಗಾಜಿನಲ್ಲಿ ಉಳಿಯುತ್ತದೆ. ನೀರು ಹಾಕಿ ಬಿಡಿಸುತ್ತೇನೆ ಎನ್ನುವವರಿಗೂ ಕೊಡಬೇಡಿ. ಫ್ರೇಮ್ ಮಾತ್ರ ಬಿಚ್ಚಿ, ಗಾಜಿನ ಹೊರಬದಿ ಒರೆಸಿ, ಗಾಜಿನ ಸಮೇತ ಸ್ಕ್ಯಾನರ್ ಮೇಲೆ ಇಡಿ. ಸ್ಕ್ಯಾನರ್ ಇಲ್ಲದಿದ್ದರೆ ಎರಡು ಬದಿಯಿಂದ 45 ಡಿಗ್ರಿಗೆ ಲೈಟ್ ಕೊಟ್ಟು ಮೇಲಿನಿಂದ ಫೋಟೊ ತೆಗೆಯಿರಿ, ಪ್ರತಿಫಲನ ಬರುವುದಿಲ್ಲ. ನೀವು ಕಪ್ಪು ಅಂಗಿ ಹಾಕಿಕೊಳ್ಳಿ.

ಪೇಪರ್ ಗ್ಲಾಸಿ ಬೇಡ. ನಿಮ್ಮ ಫೋಟೊ ಎಲ್ಲ ಕಪ್ಪು ಜಾಸ್ತಿ ಇರುವಂಥದ್ದು, ಗ್ಲಾಸಿಯಲ್ಲಿ ನೋಡುವವರ ಮುಖವೇ ಕಾಣುತ್ತದೆ. ಹತ್ತಿಯ ಮ್ಯಾಟ್ ಪೇಪರ್, ಪಿಗ್ಮೆಂಟ್ ಇಂಕ್. ಮೊದಲು ಒಂದನ್ನು ಸಣ್ಣ ಸೈಜಿನಲ್ಲಿ ಹಾಕಿಸಿ ನೋಡಿ. ಮ್ಯಾಟಿನಲ್ಲಿ ಕಪ್ಪು ಇನ್ನೂ ಮುಳುಗುತ್ತದೆ, ಫೈಲನ್ನು ಸ್ವಲ್ಪ ತೆಳು ಮಾಡಬೇಕಾದೀತು. ಫ್ರೇಮ್ ಹಾಕುವಾಗ ಪ್ರಿಂಟಿಗೂ ಗಾಜಿಗೂ ನಡುವೆ ಮೌಂಟ್ ಬೋರ್ಡ್ (ಎರಡೂ ತಾಗದ ಹಾಗೆ ಇಡುವ ದಪ್ಪ ರಟ್ಟು) ಕಡ್ಡಾಯ. ನಮ್ಮ ಊರಿನ ಮಳೆಗಾಲ ಗೊತ್ತಲ್ಲ, ಅಜ್ಜಿಯ ಫೋಟೊಕ್ಕೆ ಆದದ್ದು ಅದೇ.

ಹಲಸಿನ ಮರವನ್ನು ಮೋಡ ಇರುವ ದಿನ ತೆಗೆಯಿರಿ, ಬಿಸಿಲಿದ್ದರೆ ಎಲೆ ಎಲ್ಲ ಚುಕ್ಕೆ ಚುಕ್ಕೆ. ಆ ಅಕ್ಕನಿಗೆ ವಾಟ್ಸಾಪ್ ಮಾತ್ರ ಸಾಲದು, ಒಂದು ಪ್ರಿಂಟ್ ಕೊಡಿ. ಫೈಲ್ ಕಳಿಸಿದರೆ ಅದನ್ನು ನಾನು ಹಾಕಿಸಿ ಕೊಡುತ್ತೇನೆ, ದುಡ್ಡು ಬೇಡ.

ಪರ್ಕಳ ಎಕ್ಸ್‌ಪ್ರೆಸ್

ಮಾಮ, ನಿಮ್ಮ ಸ್ಟುಡಿಯೋದಲ್ಲಿ ಹಳೇ ಮದುವೆಗಳ ನೆಗೆಟಿವ್ ಇನ್ನೂ ಉಂಟಾ? ಗ್ರೂಪ್ ಫೋಟೊದ ಹಿಂದೆ, ಬದಿಯಲ್ಲಿ, ಕೆಲಸದವರು ಯಾರಾದರೂ ನಿಂತದ್ದು ಇರಬಹುದು. ಭಾನುವಾರ ಬಂದರೆ ನೋಡಲು ಸಿಗುತ್ತದಾ?

ಸ್ಟುಡಿಯೋ ಮಾಮ

ಎರಡು ಕಪಾಟು ಉಂಟು. ಕೆಲವು ವಿನೆಗರ್ ವಾಸನೆ ಬರುತ್ತಿವೆ, ಅವು ಹಾಳಾಗಲು ಶುರುವಾದದ್ದು, ಅವನ್ನು ಮೊದಲು ನೋಡಬೇಕು. ಊಟ ಮಾಡಿ ಬನ್ನಿ, ಮಧ್ಯಾಹ್ನ ಮೂರರ ಮೇಲೆ. ಮಾಸ್ಕ್ ತನ್ನಿ.